ಭಟ್ಟರ ದವಡೆ

ಕೋಸಿನ ಎಲೆಯ ಮೇಲೆ ಗಾಡಿ ಜಾರಿತು ಎಂದರೆ ಕೇಳಿದವರು ಮೊದಲು ನಗುತ್ತಾರೆ. ಮದ್ರಾಸಿನ ಕೋಯಂಬೇಡು ಮಾರುಕಟ್ಟೆಯ ಹೊರಗಿನ ರಸ್ತೆಯನ್ನು ಬೆಳಿಗ್ಗೆ ಆರು ಗಂಟೆಗೆ ನೋಡಿದವರು ಮಾತ್ರ ನಗುವುದಿಲ್ಲ. ಲಾರಿಯಿಂದ ಇಳಿಸುವಾಗ ಕಿತ್ತೆಸೆದ ಕೋಸಿನ ಹೊರಎಲೆ, ಕೊಳೆತ ಟೊಮೆಟೊ, ಬಾಳೆಯ ಸಿಪ್ಪೆ ಎಲ್ಲ ಸೇರಿ ಅಲ್ಲೊಂದು ಪಾಚಿಯೇ ಬೆಳೆದಿರುತ್ತದೆ. ರಾತ್ರಿ ನಾಲ್ಕು ಹನಿ ಮಳೆ ಬಿದ್ದಿದ್ದರೆ ಕೇಳುವುದೇ ಬೇಡ. ಆ ದಿನ ಬಿದ್ದಿತ್ತು.

ಬಸ್ ನಿಲ್ದಾಣ ಕೋಯಂಬೇಡಿಗೆ ಬಂದ ಹೊಸತು. ನಮ್ಮ ಹೋಟೆಲು ಅಲ್ಲಿಂದ ಹತ್ತು ನಿಮಿಷದ ದಾರಿ. ಸ್ಟೋರಿನ ಜವಾಬ್ದಾರಿ ನನ್ನದಾದ್ದರಿಂದ ದಿನಾ ತರಕಾರಿ ತರುವವನೂ ನಾನೇ. ಅಡುಗೆಯ ಭಟ್ಟರು ವಾರಕ್ಕೆರಡು ದಿನ ಸ್ಕೂಟರಿನಲ್ಲಿ ನನ್ನ ಬೆನ್ನಿಗೆ ಕೂತು ಬರುತ್ತಿದ್ದರು. ನಮ್ಮ ಕಡೆಯ ಹೋಟೆಲುಗಳಲ್ಲಿ ಅಡುಗೆಯವರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಭಟ್ಟರೆಂದರೆ ಮುಗಿಯಿತು. ಐವತ್ತು ದಾಟಿದವರು, ಕುಂದಾಪುರದ ಕಡೆಯವರು. ಮದ್ರಾಸಿಗೆ ಬಂದು ಮೂವತ್ತು ವರ್ಷವಾದರೂ ನುಗ್ಗೆಕಾಯನ್ನು ಇನ್ನೊಬ್ಬರು ಆರಿಸಿದರೆ ಅವರಿಗೆ ಸಮಾಧಾನವಿಲ್ಲ. ಅವತ್ತೂ ಆರಿಸಿ, ಕಟ್ಟನ್ನು ಗೋಣಿಯಲ್ಲಿ ಸುತ್ತಿ, ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ತಬ್ಬಿಕೊಂಡು ನನ್ನ ಹಿಂದೆ ಕೂತಿದ್ದರು.

ಎದುರಿಗೆ ಆಟೋ ಬಂತು. ನಾನು ಬ್ರೇಕು ಹಿಡಿದೆ. ಹಿಂದಿನ ಚಕ್ರ ಎಲೆಯ ಮೇಲಿತ್ತು. ನಾನು ಎಡಕ್ಕೆ ಬಿದ್ದು ಮೊಣಕೈ ತರಚಿಕೊಂಡೆ. ಭಟ್ಟರು ಗೋಣಿಯನ್ನು ಬಿಡಲೇ ಇಲ್ಲ. ಕೈ ಊರಬೇಕಾದ ಹೊತ್ತಿನಲ್ಲೂ ತಬ್ಬಿಕೊಂಡೇ ಮುಂದಕ್ಕೆ ಬಿದ್ದರು. ಗದ್ದ ನೇರ ರಸ್ತೆಬದಿಯ ಸಿಮೆಂಟಿನ ಅಂಚಿಗೆ ಬಡಿಯಿತು. ಓಡಿಹೋಗಿ ಎಬ್ಬಿಸಿದರೆ ಗದ್ದದ ಕೆಳಗೆ ಎರಡು ಅಂಗುಲ ಸೀಳಿ ರಕ್ತ ಸುರಿಯುತ್ತಿತ್ತು. ಅವರು ಕೇಳಿದ್ದು ಮಾತ್ರ,

"ಎಂತದೂ ಆಯ್ಲಿಲ್ಲೆ ಮಾಣಿ. ನುಗ್ಗೆಕಾಯಿ ಮುರೀತಾ ಕಾಣ್."

ಹತ್ತಿರದ ಚಿಕ್ಕ ದವಾಖಾನೆಯಲ್ಲಿ ಗದ್ದಕ್ಕೆ ಆರು ಹೊಲಿಗೆ ಹಾಕಿದರು. ಬಲಗಿವಿಯಿಂದಲೂ ಒಂದು ಗೆರೆ ರಕ್ತ ಇಳಿದಿತ್ತು. ಬಿದ್ದಾಗ ತರಚಿರಬೇಕೆಂದು ಒರೆಸಿ ಸುಮ್ಮನಾದೆವು. ಮುಖ ಊದಿಕೊಂಡಿತು, ಉಪ್ಪಿನ ಶಾಖ ಕೊಟ್ಟೆವು. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಭಟ್ಟರು ಸ್ಟೋರಿನ ಬಾಗಿಲಿಗೆ ಬಂದು ನಿಂತರು.

"ಹ್ವಾಯ್, ನಂಗೊಂದ್ ವಿಚಿತ್ರ ಆಯ್ತ್. ಹಲ್ಲ್ ಕೂಕಂತಿಲ್ಲೆ. ಬೇರೆಯವರ ಹಲ್ಲ್ ನನ್ನ ಬಾಯಿಗೆ ಇಟ್ಟ ಹಾಂಗೆ ಇತ್ತ್."

ಅದನ್ನು ಕೇಳಿದ ಮೇಲೇ ನಮಗೆ ಬುದ್ಧಿ ಬಂದದ್ದು. ದೊಡ್ಡ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ದವಡೆ ಮುರಿದವರಿಗೆಂದೇ ಅಲ್ಲಿ ಒಂದು ಉದ್ದನೆಯ ಬೆಂಚು. ಅಷ್ಟು ಜನರ ಮುಖ ಒಂದೇ ಕಡೆ ಹಾಗೆ ಕೆಟ್ಟಿರುವುದನ್ನು ನಾನು ನೋಡಿದ್ದು ಅದೇ ಮೊದಲು. ಶೋಳಿಂಗನಲ್ಲೂರಿನ ರಸ್ತೆಯಲ್ಲಿ ಬೈಕಿನಿಂದ ಎಗರಿಬಿದ್ದ ಕಂಪ್ಯೂಟರ್ ಆಫೀಸಿನ ಹುಡುಗ, ಅವನ ಕೆನ್ನೆಯ ಮೂಳೆ ತಗ್ಗಾಗಿ ಕಣ್ಣೇ ಒಳಗಿಳಿದಿತ್ತು. ಹೆಲ್ಮೆಟ್ ಗಾಡಿಯ ಹಿಡಿಯಲ್ಲಿ ತೂಗುತ್ತಿತ್ತಂತೆ. ತಿರುವೊಟ್ಟಿಯೂರಿನ ಒಬ್ಬ ಮೀನುಗಾರ, ದೋಣಿ ಎಳೆಯುವ ಹಗ್ಗದ ಗಡಗಡೆ ಬಡಿದದ್ದು. ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದ ಹೆಂಗಸು ಬಚ್ಚಲಲ್ಲಿ ಜಾರಿಬಿದ್ದೆ ಎಂದಳು. ಅವಳ ಗಂಡ ಪಕ್ಕದಲ್ಲೇ ನಿಂತಿದ್ದ. ಅಲ್ಲಿಯ ದಾಕ್ಟರಮ್ಮ ಅವನನ್ನು ಚೀಟಿ ತರಲು ಕಳಿಸಿ, ಅವಳನ್ನು ಮತ್ತೊಮ್ಮೆ ಕೇಳಿದರು. ಅವಳು ಮತ್ತೊಮ್ಮೆ ಬಚ್ಚಲೆಂದೇ ಹೇಳಿದಳು.

ಆ ದಾಕ್ಟರಮ್ಮ ತಮಿಳಿನವರು, ನಲವತ್ತರ ಹತ್ತಿರದವರು. ಮಾತು ಕಡಿಮೆ, ಕೈ ಬಹಳ ಮೃದು. ಎಕ್ಸ್‌ರೇ ಬೆಳಕಿಗೆ ಹಿಡಿದು ಎರಡು ಕಡೆ ಬೆರಳಿಟ್ಟು ತೋರಿಸಿದರು. ಕೆಳದವಡೆ ಎಡಗಡೆ ಗದ್ದದ ಹತ್ತಿರ ಒಂದು ಸೀಳು, ಬಲಗಡೆ ಕಿವಿಯ ಮುಂದೆ ಕೀಲಿನ ಕುತ್ತಿಗೆಯಲ್ಲಿ ಇನ್ನೊಂದು. ಕಿವಿಯಿಂದ ರಕ್ತ ಬಂದದ್ದು ಅದಕ್ಕೇ.

"ಬೀಳುವಾಗ ಕೈ ಊರಿದವರು ಮಣಿಕಟ್ಟು ಮುರಿದುಕೊಂಡು ಬರುತ್ತಾರೆ, ಊರದವರು ನನ್ನ ಹತ್ತಿರ ಬರುತ್ತಾರೆ" ಎಂದರು ತಮಿಳಿನಲ್ಲಿ. "ಕೈಯಲ್ಲಿ ಏನಿತ್ತು?"

ನುಗ್ಗೆಕಾಯಿ ಎಂದೆ. ಅವರು ನಗಲಿಲ್ಲ. ಬರೆದುಕೊಂಡರು.

ಮೇಲಿನ ಹಲ್ಲಿನ ಸಾಲಿಗೊಂದು, ಕೆಳಗಿನದಕ್ಕೊಂದು ಲೋಹದ ಪಟ್ಟಿ ಕಟ್ಟಿ, ಎರಡನ್ನೂ ಮೇಲೆ ಕೆಳಗೆ ತಂತಿಯಿಂದ ಬಿಗಿದುಬಿಟ್ಟರು. ಹಲ್ಲು ಸರಿಯಾಗಿ ಕೂತರೆ ಮೂಳೆ ತಾನಾಗಿ ಸರಿಯಾದ ಜಾಗಕ್ಕೆ ಬರುತ್ತದೆ, ಕೈ ಮುರಿದರೆ ಹಲಗೆ ಕಟ್ಟುವ ಹಾಗೆ ಇಲ್ಲಿ ಮೇಲಿನ ದವಡೆಯೇ ಕೆಳಗಿನದಕ್ಕೆ ಹಲಗೆ ಎಂದು ವಿವರಿಸಿದರು. ಐದು ವಾರ ಬಾಯಿ ತೆರೆಯುವಂತಿಲ್ಲ. ಗಂಜಿ, ಹಾಲು, ಸೋಸಿದ ಸಾರು, ಎಲ್ಲವೂ ಸ್ಟ್ರಾದಲ್ಲಿ.

ಕೊನೆಗೆ ನನ್ನನ್ನು ಹತ್ತಿರ ಕರೆದು ಅಂಗೈಯಗಲದ ಒಂದು ತಂತಿ ಕತ್ತರಿಸುವ ಕಟ್ಟರ್ ತೋರಿಸಿದರು. ಇಂಥದ್ದೊಂದು ಕೊಂಡು ಸದಾ ಇವರ ಹತ್ತಿರ ಇಟ್ಟುಕೊಂಡಿರಬೇಕು. ವಾಂತಿ ಬಂದರೆ ಹೆದರಬೇಡಿ, ಮೊದಲು ಮುಂದಕ್ಕೆ ಬಗ್ಗಿಸಿ. ನೀರಿನಂಥದ್ದಾದ್ದರಿಂದ ಹಲ್ಲಿನ ಸಂದಿಯಿಂದ, ಮೂಗಿನಿಂದ ಹೊರಗೆ ಬರುತ್ತದೆ. ಹಾಗೆ ಮಾಡಿಯೂ ಉಸಿರು ಕಟ್ಟಿದರೆ ಮಾತ್ರ ಈ ಉದ್ದ ತಂತಿಗಳನ್ನು ಕತ್ತರಿಸಿ. "ಉಸಿರು ಇದ್ದರೆ ಮುಟ್ಟಬೇಡಿ. ಮೂಳೆ ಕೂಡುವ ಮೊದಲು ಬಾಯಿ ತೆರೆದರೆ ಕೀಲು ಜಾರುತ್ತದೆ. ಪುರಿಂಜುದಾ?"

ಅರ್ಥವಾಯಿತು ಎಂದು ತಲೆಯಾಡಿಸಿದೆ. ಅವತ್ತಿನಿಂದ ಭಟ್ಟರ ಜೀವ ನನ್ನ ಅಂಗಿಯ ಜೇಬಿನಲ್ಲಿತ್ತು.

ಹತ್ತು ದಿನ ಕೋಣೆಯಲ್ಲಿ ಮಲಗಿದವರು ಹನ್ನೊಂದನೆಯ ದಿನ ಅಡುಗೆಮನೆಗೆ ಬಂದು ನಿಂತರು. ನಮ್ಮ ಧಣಿಗಳು, ಹೋಟೆಲಿನ ಮಾಲೀಕರು, ಗಾಬರಿಯಾದರು.

"ಭಟ್ರೆ, ಬಾಯಿ ಕಟ್ಟಿ ಹಾಕಿರುವಾಗ ಸಾಂಬಾರಿನ ರುಚಿ ಹ್ಯಾಂಗೆ ಕಾಂತ್ರಿ?"

ಭಟ್ಟರು ಕಚ್ಚಿದ ಹಲ್ಲಿನ ನಡುವಿನಿಂದಲೇ ಉತ್ತರ ಕೊಟ್ಟರು. "ನಾ ಯಾವತ್ತ್ ರುಚಿ ಕಂಡದ್ದ್?"

ಅದು ನಿಜವೇ. ದೇವರಿಗೆ ತೋರಿಸುವ ಮೊದಲು ಅಡುಗೆಯನ್ನು ನಾಲಿಗೆಗೆ ಇಟ್ಟವರೇ ಅಲ್ಲ ಅವರು. ಉಪ್ಪನ್ನು ಕೈಯ ಅಳತೆಯಲ್ಲೇ ಬಲ್ಲರು, ಹುಳಿಯನ್ನು ಆವಿಯ ವಾಸನೆಯಲ್ಲೇ ಹೇಳುತ್ತಿದ್ದರು. ಬಾಯಿ ಮುಚ್ಚಿದ್ದರಿಂದ ಸಾಂಬಾರಿಗೆ ಏನೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಅವರ ಬೆಳಗಿನ ಸ್ತೋತ್ರ. ತರಕಾರಿ ಹೆಚ್ಚುತ್ತ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ಅದು ಅರ್ಧಕ್ಕೆ ಬಂದಾಗ ಬೇಳೆ ಬೆಂದಿರಬೇಕು, ಮುಗಿದಾಗ ಇಡ್ಲಿಯ ಮೊದಲ ತಟ್ಟೆ ಇಳಿಯಬೇಕು ಎಂದು ಅಡುಗೆಮನೆಯ ಲೆಕ್ಕ. ಅದು ನಿಂತ ಮೇಲೆ ಎಲ್ಲರೂ ಗೋಡೆಯ ಗಡಿಯಾರ ನೋಡಲು ಶುರುಮಾಡಿದರು.

ಕಾಫಿ ಮಾಡುವ ತಮಿಳಿನ ಮಾಸ್ಟರಿಗೆ ಮಾತ್ರ ಹಬ್ಬ. ಇಪ್ಪತ್ತು ವರ್ಷ ಭಟ್ಟರಿಂದ ಬೈಸಿಕೊಂಡವನು.

"ಸಾಮಿ, ಐದು ವಾರ ನನಗೆ ನಿಮ್ಮದಿ," ಎಂದು ತನ್ನ ಹರಕು ಕನ್ನಡದಲ್ಲಿ ಕೆಣಕುತ್ತಿದ್ದ. "ಈಗ ಬೈಯಿ ಪಾಪ್ಪೋಂ, ನೋಡೋಣ."

ಭಟ್ಟರು ಸೌಟಿನಿಂದ ಪಾತ್ರೆಗೆ ಎರಡು ಬಾರಿ ಹೊಡೆದು ತೋರಿಸುತ್ತಿದ್ದರು. ಅದರ ಅರ್ಥ ಅಡುಗೆಮನೆಗೆಲ್ಲ ಗೊತ್ತಿತ್ತು. ಅದೇ ಮಾಸ್ಟರು ದಿನಕ್ಕೆ ನಾಲ್ಕು ಸಲ ಬಾರ್ಲಿ ಗಂಜಿಯನ್ನು ತೆಳುಬಟ್ಟೆಯಲ್ಲಿ ಎರಡೆರಡು ಬಾರಿ ಸೋಸಿ, ಬಿಸಿ ಬೆರಳಲ್ಲಿ ಮುಟ್ಟಿ ನೋಡಿ, ಅವರ ಮುಂದಿಡುತ್ತಿದ್ದ.

ಹದಿನೆಂಟನೆಯ ದಿನ ಆಯುಧಪೂಜೆ ಬಂತು.

ಮದ್ರಾಸಿನಲ್ಲಿ ಆ ಹಬ್ಬದ ತೂಕವೇ ಬೇರೆ. ಮಧ್ಯಾಹ್ನದ ಊಟ ಮುಗಿಸಿ ಹೋಟೆಲಿನ ಬಾಗಿಲು ಹಾಕಿ, ಇಡೀ ಅಡುಗೆಮನೆ ತೊಳೆದು, ಸೌಟು, ಈಳಿಗೆಮಣೆ, ಚಾಕು, ಜಾರಣಿಗೆ, ಸ್ಪ್ಯಾನರು, ಇಕ್ಕಳ ಎಲ್ಲವನ್ನೂ ಧಣಿಗಳ ಕೋಣೆಯಲ್ಲಿ ದೇವಿಯ ಪಟದ ಮುಂದೆ ಜೋಡಿಸಿ ಗಂಧ ಕುಂಕುಮ ಇಡುತ್ತಿದ್ದೆವು. ಪೂಜೆಯಾದ ಮೇಲೆ ಮರುದಿನ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಹಿಂದೊಂದು ವರ್ಷ ಕಾಫಿ ಮಾಸ್ಟರು ನಿಂಬೆಹಣ್ಣು ಹೆಚ್ಚಲು ದೇವರ ಮುಂದಿನ ಚಾಕು ಎತ್ತಿಕೊಂಡಿದ್ದ. ಅಂದಿನಿಂದ ಧಣಿಗಳು ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಮನೆಗೇ ಒಯ್ಯುತ್ತಿದ್ದರು.

ನಾನು ಗಾಡಿ ತೊಳೆಯುತ್ತಿದ್ದಾಗ ಭಟ್ಟರು ಬಂದು ನನ್ನ ಜೇಬಿಗೆ ಬೆರಳು ತೋರಿಸಿದರು.

"ಅದನ್ನೂ ಇಡ್."

"ಇದು ಬೇಡ ಭಟ್ರೆ. ದಾಕ್ಟರಮ್ಮ ಹೇಳಿರು, ಕೈಯಲ್ಲೇ ಇರ್ಕ್ ಅಂತ."

"ಅದೂ ಆಯುಧವೇ ಅಲ್ದಾ? ನನ್ನ ಜೀವ ಕಾಯೂದ್ ಅದೇ. ಊರಿನ ಸೌಟಿಗೆಲ್ಲ ಹೂವು, ಅದಕ್ಕ್ ಮಾತ್ರ ಇಲ್ಲೆ ಅಂದ್ರೆ ಹ್ಯಾಂಗೆ?" ಹಲ್ಲು ಕಚ್ಚಿಕೊಂಡು ಇಷ್ಟು ಉದ್ದ ಮಾತಾಡಿ ದಣಿದು ಕೂತರು. "ಒಂದ್ ರಾತ್ರಿ ಅಷ್ಟೆ ಮಾಣಿ. ಹದಿನೆಂಟ್ ದಿನ ಎಂತ ಆಯ್ತ್?"

ಏನೂ ಆಗಿರಲಿಲ್ಲ. ನನಗೂ ಒಳಗೆ ಅದೇ ಆಸೆಯಿತ್ತೆಂದು ಒಪ್ಪಿಕೊಳ್ಳಬೇಕು. ಬಿದ್ದ ಗಾಡಿಗೆ ನಿಂಬೆಹಣ್ಣು ಕಟ್ಟಿ ಕೈಮುಗಿದವನು ಕಟ್ಟರಿಗೆ ಮುಗಿಯದೆ ಇರಲು ಮನಸ್ಸು ಬರಲಿಲ್ಲ. ದೊಡ್ಡ ಸೌಟಿನ ಪಕ್ಕದಲ್ಲಿ ಇಟ್ಟು, ಹೂವಿನ ಎಸಳೊಂದನ್ನು ಅದರ ಹಿಡಿಗೆ ಸಿಕ್ಕಿಸಿದೆ.

ಭಟ್ಟರು ಅಂದು ಪೂಜೆಯಾಗುವವರೆಗೆ ಹೊಟ್ಟೆಗೆ ಏನೂ ತೆಗೆದುಕೊಳ್ಳಲಿಲ್ಲ. ಸಂಜೆ ಆರಕ್ಕೆ ಮಂಗಳಾರತಿಯಾಯಿತು. ಧಣಿಗಳು ಬೀಗ ಹಾಕಿ, ತಮ್ಮ ಮನೆಯ ಪೂಜೆಗೆಂದು ಹೊರಟುಹೋದರು. ಕಾಫಿ ಮಾಸ್ಟರು ಸಾಂಬ್ರಾಣಿಯ ಹೊಗೆಯನ್ನು ಅಡುಗೆಮನೆಯ ಮೂಲೆಮೂಲೆಗೂ ತೋರಿಸಿದ. ಉಳಿದವರು ಮಂಡಕ್ಕಿ ಕಡಲೆ ತಿನ್ನುತ್ತಿದ್ದರೆ ಭಟ್ಟರು ಒಂದು ದೊಡ್ಡ ಲೋಟ ಬೆಲ್ಲದ ಪಾನಕವನ್ನು ಸ್ಟ್ರಾದಲ್ಲಿ ಒಂದೇ ಉಸಿರಿಗೆ ಎಳೆದರು. ಬರಿಹೊಟ್ಟೆ, ಹೊಗೆ, ಸೆಕೆ. ಐದು ನಿಮಿಷವಾಗಿರಲಿಲ್ಲ, ಎದೆಯ ಮೇಲೆ ಕೈಯಿಟ್ಟು ಎದ್ದು ನಿಂತರು. ಕಣ್ಣು ದೊಡ್ಡದಾಯಿತು.

ನನ್ನ ಕೈ ಜೇಬಿಗೆ ಹೋಯಿತು. ಜೇಬು ಖಾಲಿ.

ಓಡಿ ಕೋಣೆಯ ಬಾಗಿಲು ತಳ್ಳಿದೆ. ಬೀಗ. ಚಾಕು ಎಂದು ಕೂಗಿದೆ, ಇಕ್ಕಳ ಎಂದು ಕೂಗಿದೆ, ಎಲ್ಲವೂ ಆ ಬೀಗದ ಒಳಗೇ ಇತ್ತು. ಬೀದಿಗೆ ಓಡಿದೆ. ಪಕ್ಕದ ಸೈಕಲ್ ಅಂಗಡಿ ಮುಚ್ಚಿತ್ತು, ಬಾಗಿಲಿಗೆ ಮಾವಿನೆಲೆ. ಎದುರಿನ ಎಲೆಕ್ಟ್ರಿಕ್ ಅಂಗಡಿ ಮುಚ್ಚಿತ್ತು, ಕುಂಕುಮ ಮೆತ್ತಿದ ಕುಂಬಳಕಾಯಿ ಹೊಸ್ತಿಲಲ್ಲಿ ಒಡೆದು ಬಿದ್ದಿತ್ತು. ಆ ಸಂಜೆ ಊರಿನ ಇಕ್ಕಳಗಳೆಲ್ಲ ದೇವರ ಮುಂದೆ ಮಲಗಿದ್ದವು. ನಾನು ಬೀದಿಯಲ್ಲಿ ನಿಂತು ಯಾರನ್ನು ಕೂಗಲಿ?

ಹಿಂದಕ್ಕೆ ಓಡಿ ಬರುವಷ್ಟರಲ್ಲಿ ಕಾಫಿ ಮಾಸ್ಟರು ಹಳೆಯ ರುಬ್ಬುಗುಂಡನ್ನು ಎತ್ತಿ ಬೀಗದ ಮೇಲೆ ಹಾಕುತ್ತಿದ್ದ. ಅದಕ್ಕೂ ಕುಂಕುಮ ಇಟ್ಟಿದ್ದೆವು. ಮೂರನೆಯ ಪೆಟ್ಟಿಗೆ ಚಿಲಕ ಕಿತ್ತುಬಂತು. ದೀಪ ದಾಟಿ, ಸೌಟುಗಳನ್ನು ಚೆಲ್ಲಿ, ಕಟ್ಟರ್ ಹಿಡಿದುಕೊಂಡು ಭಟ್ಟರ ಹತ್ತಿರ ಬಂದೆ.

ಅವರು ಕೈತೊಳೆಯುವ ತೊಟ್ಟಿಯ ಮುಂದೆ ಮಂಡಿಯೂರಿ, ಎರಡು ಪಟ್ಟು ಬಗ್ಗಿ ಕೂತಿದ್ದರು. ದಾಕ್ಟರಮ್ಮ ಹೇಳಿದ್ದು ನನಗೆ ಮರೆತಿತ್ತು, ಅವರಿಗೆ ಮರೆತಿರಲಿಲ್ಲ. ಪಾನಕ ಮೂಗಿನಿಂದ, ಹಲ್ಲಿನ ಸಂದಿಗಳಿಂದ ಸುರಿದು ತೊಟ್ಟಿಗೆ ಹೋಗಿತ್ತು. ಮುಖವೆಲ್ಲ ನೀರು. ಬೆನ್ನು ಏರಿಳಿಯುತ್ತಿತ್ತು. ಮೂಗಿನಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು, ಒಳಗೆ ಹೊರಗೆ, ಒಳಗೆ ಹೊರಗೆ.

ಅದು ಉಸಿರು. ನನಗೆ ಕೇಳಿಸುತ್ತಿತ್ತು.

ನನ್ನ ಕೈಯಲ್ಲಿ ಕಟ್ಟರ್ ನೋಡಿ ಅವರು ಬಲಗೈ ಎತ್ತಿ ಅಂಗೈ ಅಡ್ಡ ಹಿಡಿದರು. ನಾನು ಆ ಕೈಯನ್ನು ಪಕ್ಕಕ್ಕೆ ಸರಿಸಿ, ತುಟಿ ಎತ್ತಿ, ಒಂದಾದ ಮೇಲೊಂದು ತಂತಿ ಕತ್ತರಿಸಿದೆ. ಕೊನೆಯ ತಂತಿ ಬಿಟ್ಟಾಗ ದವಡೆ ತಟ್ಟನೆ ಕೆಳಗೆ ಬಿತ್ತು. ಹದಿನೆಂಟು ದಿನದ ನಂತರ ತೆರೆದ ಆ ಬಾಯಿಂದ ಬಂದ ಮೊದಲ ಸದ್ದು ಒಂದು ಕಿರುಚು. ಬಲಗಿವಿಯ ಮೇಲೆ ಕೈಯಿಟ್ಟುಕೊಂಡು ನೆಲಕ್ಕೆ ಒರಗಿದರು.

ಯಾಕೆ ಮಾಡಿದೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೀಗ ಒಡೆದದ್ದಾಗಿತ್ತು, ದೇವರ ಮುಂದಿನದು ಚೆಲ್ಲಿದ್ದಾಗಿತ್ತು, ಇಷ್ಟೆಲ್ಲ ಮಾಡಿ ಬಂದವನು ಸುಮ್ಮನೆ ನಿಲ್ಲುವುದು ನನ್ನಿಂದಾಗಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ಮರುದಿನ ಆಸ್ಪತ್ರೆಗೆ ರಜೆ. ಡ್ಯೂಟಿಯಲ್ಲಿದ್ದವರು ತಂತಿಯ ಬದಲು ತಾತ್ಕಾಲಿಕವಾಗಿ ರಬ್ಬರ್ ಬ್ಯಾಂಡ್ ಹಾಕಿ, ಮೂರು ದಿನ ಬಿಟ್ಟು ಬರಹೇಳಿದರು. ದಾಕ್ಟರಮ್ಮ ಹೊಸ ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿದರು. ಗದ್ದದ ಸೀಳು ಪರವಾಗಿಲ್ಲ, ಕಿವಿಯ ಮುಂದಿನದು ಜಾರಿದೆ ಎಂದರು.

"ಕತ್ತರಿಸಿದಾಗ ಉಸಿರು ಕಟ್ಟಿತ್ತಾ?"

ನಾನು ಬಾಯಿ ತೆರೆದೆ. "ಕಟ್ಟಿತ್ತು" ಎಂದೆ.

ದಾಕ್ಟರಮ್ಮ ಭಟ್ಟರ ಕಡೆ ತಿರುಗಿದರು. ಭಟ್ಟರು ನನ್ನನ್ನೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿದರು.

"ಹಾಗಾದರೆ ನೀವು ಮಾಡಿದ್ದೇ ಸರಿ. ಜೀವ ಮೊದಲು, ದವಡೆ ಆಮೇಲೆ," ಎಂದು ನನ್ನ ಭುಜ ತಟ್ಟಿದರು. ಬೇಕಾದರೆ ಕಿವಿಯ ಮುಂದೆ ಕೊಯ್ದು ಮೂಳೆಗೆ ಸಣ್ಣ ಪಟ್ಟಿ ಕೂರಿಸಬಹುದು, ಆದರೆ ಕಣ್ಣು ಮುಚ್ಚುವ ನರ ಅಲ್ಲೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾಗುವ ಅಪಾಯ ಸ್ವಲ್ಪ ಇದೆ ಎಂದೂ ವಿವರಿಸಿದರು. ಭಟ್ಟರು ಬೇಡವೆಂದು ಕೈಮುಗಿದರು. ದಾಕ್ಟರಮ್ಮ ಮತ್ತೆ ತಂತಿ ಕಟ್ಟಿದರು. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಬಾಯಿ ತೆರೆದರೆ ಗದ್ದ ಬಲಕ್ಕೆ ಎಳೆಯುತ್ತಿತ್ತು. ಕಚ್ಚಿದರೂ ಮುಂದಿನ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಒಂದು ಅಕ್ಕಿಕಾಳಿನಷ್ಟು ಸಂದಿ ಉಳಿಯಿತು. ಸ್ತೋತ್ರದ ಸಕಾರ ಶಕಾರಗಳೆಲ್ಲ ಆ ಸಂದಿಯಲ್ಲಿ ಗಾಳಿಯಾಗಿ ಹೋಗುತ್ತಿದ್ದವು. ತಪ್ಪು ಉಚ್ಚಾರದಲ್ಲಿ ದೇವರ ಹೆಸರು ಹೇಳಲಾರೆನೆಂದು ಅವರು ದನಿ ತೆಗೆಯುವುದನ್ನೇ ಬಿಟ್ಟರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಹೋಟೆಲಿನಲ್ಲಿ ನಾನು ದೊಡ್ಡ ಮನುಷ್ಯನಾದೆ. ಬೀಗ ಒಡೆದದ್ದಕ್ಕೆ ಧಣಿಗಳು ಸಿಟ್ಟಾಗುತ್ತಾರೆಂದುಕೊಂಡಿದ್ದೆ, ಅವರು ನನಗೆ ಶಾಲು ಹೊದಿಸಿದರು. ಊರಿನಿಂದ ಯಾರೇ ಬರಲಿ, ಕರೆದು ತೋರಿಸುತ್ತಿದ್ದರು.

"ಇವ್ನೇ ಕಾಣಿ. ದೇವಿ ಮುಂದಿಂದ ಎತ್ಕಂಡ್ ಬಂದ್, ಕಟಕಟ ಅಂತ ಕತ್ತರ್ಸ್‌ದ. ಇಲ್ದಿದ್ರೆ ಭಟ್ರ ಕಥೆ ಅವತ್ತೇ ಮುಗೀತಿತ್ತ್."

ಕಾಫಿ ಮಾಸ್ಟರಿಗೆ ಇಷ್ಟವಾದ ಭಾಗ ಬೀಗ ಒಡೆದದ್ದು. ಅದನ್ನು ಅವನು ಅಭಿನಯಿಸಿ ತೋರಿಸುತ್ತಿದ್ದ. ಹೇಳಿದಷ್ಟೂ ಸಲ ಭಟ್ಟರ ಮುಖ ನೀಲಿಯಾಗುತ್ತ ಹೋಯಿತು, ಉಸಿರು ನಿಂತ ಹೊತ್ತು ಉದ್ದವಾಗುತ್ತ ಹೋಯಿತು. ಭಟ್ಟರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕಥೆ ಮುಗಿದೊಡನೆ ಒಳಗೆ ಹೋಗುತ್ತಿದ್ದರು.

ತಂತಿ ಬಿಚ್ಚಿದ ಮೇಲೆ ಬಿಗಿದುಹೋದ ದವಡೆ ತೆರೆಯಲು ಒಂದು ವ್ಯಾಯಾಮ ಹೇಳಿದ್ದರು. ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ಇಡಬೇಕು, ನೋವು ತಡೆದು ಇನ್ನೊಂದು ತೂರಿಸಬೇಕು. ದಿನಾ ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ ಸ್ಟೋರಿನಲ್ಲಿ ಅಕ್ಕಿಮೂಟೆಯ ಮೇಲೆ ಅವರನ್ನು ಕೂರಿಸಿ ನಾನೇ ಮಾಡಿಸುತ್ತಿದ್ದೆ. ಎಂಟು ಕಡ್ಡಿಯಿಂದ ಶುರುವಾದದ್ದು ಎರಡು ತಿಂಗಳಲ್ಲಿ ಹದಿನೈದಕ್ಕೆ ಬಂದಿತ್ತು. ನಾನು ತೂರಿಸುವಾಗ ಅವರ ಕಣ್ಣಿನ ಅಂಚಿನಿಂದ ನೀರು ಇಳಿಯುತ್ತಿತ್ತು. ಒಂದು ದಿನವೂ ನನ್ನ ಕೈ ತಳ್ಳಲಿಲ್ಲ.

ಒಂದು ಬೆಳಿಗ್ಗೆ ಹೊರಗೆ ಧಣಿಗಳು ಯಾರೋ ನೆಂಟರಿಗೆ ಅದೇ ಕಥೆ ಹೇಳುವುದು ಗೋಡೆಯಾಚೆ ಕೇಳಿಸುತ್ತಿತ್ತು. ಹದಿನಾರನೆಯ ಕಡ್ಡಿ ನನ್ನ ಬೆರಳಲ್ಲಿತ್ತು. ನನ್ನಿಂದ ತಡೆಯಲಾಗಲಿಲ್ಲ.

"ಭಟ್ರೆ, ಅವತ್ತ್ ಉಸಿರ್ ಇತ್ತ್. ನಂಗೆ ಕೇಣ್ತಿತ್ತ್. ದಾಕ್ಟರಮ್ಮನ ಹತ್ರ ನಾ ಸುಳ್ಳ್ ಹೇಳ್ದೆ."

ಹೇಳಿದ ಕೂಡಲೇ ನನ್ನ ಎದೆ ಹಗುರಾಯಿತು. ಅದನ್ನೂ ಮುಚ್ಚಿಡುವುದಿಲ್ಲ. ಭಟ್ಟರು ಕಡ್ಡಿಗಳ ಕಟ್ಟನ್ನು ಬಾಯಿಂದ ತೆಗೆದು, ಎಂಜಲು ಒರೆಸಿ, ಮಡಿಲಲ್ಲಿ ಇಟ್ಟುಕೊಂಡರು.

"ಉಸಿರ್ ಇದ್ದದ್ದ್ ನಂಗೆ ಗೊತ್ತಿಲ್ದೆ ಇರ್ತಾ ಮಾಣಿ? ಹೆದ್ರಿದ್ದಿ, ಪಾಪ ಅಂತ ಸುಮ್ನಾದೆ." ಕಡ್ಡಿಗಳನ್ನು ಸಮನಾಗಿ ಜೋಡಿಸುತ್ತ ಕೇಳಿದರು, "ನಾ ಕೈ ಅಡ್ಡ ಹಿಡ್ದದ್ದ್ ನಿಂಗೆ ಕಂಡಿತ್ತಾ?"

ಅಲ್ಲೂ ಸುಳ್ಳು ಹೇಳಬಹುದಿತ್ತು.

"ಕಂಡಿತ್ತ್."

"ಕಂಡ್ ಮೇಲೂ ಕತ್ತರ್ಸ್‌ದ್ಯಾ?"

"ಹೌದ್."

ಹೊರಗೆ ನೆಂಟರು ಅಯ್ಯೋ ದೇವರೇ ಎನ್ನುತ್ತಿದ್ದರು. ಭಟ್ಟರು ಮಡಿಲಿನ ಕಡ್ಡಿಗಳನ್ನು ನೋಡುತ್ತಿದ್ದರು.

"ನಾ ಇಷ್ಟ್ ದಿನ, ಗಡಿಬಿಡಿಯಲ್ಲಿ ನಿಂಗೆ ಕಾಣ್ಲಿಲ್ಲೆ ಅಂತ್ಲೇ ಅಂದ್ಕಂಡಿದ್ದೆ," ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಎಣಿಸಿಟ್ಟ ತಟ್ಟೆಗಳಲ್ಲಿ ಒಂದು ಕಡಿಮೆಯಾದಾಗ ಹೇಳುವ ಹಾಗೆ ಹೇಳಿದರು. ಆಮೇಲೆ ಎದ್ದು, ಬೇಳೆ ಒಲೆಯ ಮೇಲಿದೆ ಎಂದು ಒಳಗೆ ಹೋದರು.

ಮರುದಿನ ತಿಂಡಿಯ ಹೊತ್ತು ಮುಗಿದ ಮೇಲೆ ನಾನು ಮೂಟೆಯ ಮೇಲಿನ ಧೂಳು ಒರೆಸಿ ಕಾದೆ. ಅವರು ಬರಲಿಲ್ಲ. ಹುಡುಕಿಕೊಂಡು ಹೋದರೆ ಹಿತ್ತಿಲ ನಲ್ಲಿಯ ಹತ್ತಿರ ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತು, ಕಡ್ಡಿಗಳನ್ನು ತಾವೇ ಒಂದೊಂದಾಗಿ ಹಲ್ಲಿನ ನಡುವೆ ತೂರಿಸಿಕೊಳ್ಳುತ್ತಿದ್ದರು. ನಾನು ನಿಂತದ್ದು ಅವರಿಗೆ ಗೊತ್ತಾಯಿತು. ತಿರುಗಲಿಲ್ಲ.